ಮಳೆಗಾಲದಲ್ಲಿ ಬೆಂಚ್ ಮಲ್ಟಿಮೀಟರಿನ ಓಮ್ಸ್ ರೀಡಿಂಗ್ ನಿಲ್ಲುತ್ತಿಲ್ಲ (ಮಂಗಳೂರು)

ಕೂಳೂರು_ಬೆಂಚ್:
ಆರೂವರೆ ಡಿಜಿಟ್‌ನ ಬೆಂಚ್ ಮೀಟರ್. 1 ಕಿಲೋಓಮ್, 100 ಕಿಲೋಓಮ್ ಸರಿಯಾಗಿ ತೋರಿಸುತ್ತದೆ. 10 ಮೆಗಾಓಮ್‌ನ 1% ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿದರೆ 9.8ರಿಂದ 10.1ರ ತನಕ ಕುಣಿಯುತ್ತದೆ, ಕೈ ಹತ್ತಿರ ಹೋದರೆ ಇನ್ನೂ ಜಾಸ್ತಿ. ಜೋರು ಮಳೆ ಬಂದಾಗ ಸರಾಸರಿಯೇ ಕೆಳಗೆ ಹೋಗುತ್ತದೆ. 0.1 ಓಮ್ ಶಂಟ್ (ಕರೆಂಟ್ ಅಳೆಯಲು ಬಳಸುವ ತೀರಾ ಕಡಿಮೆ ಓಮಿನ ರೆಸಿಸ್ಟರ್) ಅಳೆಯುವಾಗ ಪ್ರೋಬ್ ಸ್ವಲ್ಪ ಅಲುಗಿದರೂ ಬೇರೆ ಅಂಕಿ. ಲೀಡ್ (ಪ್ರೋಬಿನ ವೈರ್) ಸಾದಾ ಪಿವಿಸಿ. ರಿಪೇರಿಗೆ ಕೊಡಬೇಕಾ?

ಮಣಿಪಾಲ_ಓಮ್:
ಈಗಲೇ ಬೇಡ ಮಾರಾಯ್ರೇ. ಇಲ್ಲಿ ಮೂರು ಬೇರೆ ತೊಂದರೆ ಉಂಟು, ಒಟ್ಟಿಗೆ ನೋಡಿದರೆ ತಲೆ ಕೆಡುತ್ತದೆ.

ಕುಣಿಯುವುದು ಪಿಕಪ್, ಅಂದರೆ ಸುತ್ತಲಿನ ವಿದ್ಯುತ್ ನಾಯ್ಸ್ ಲೀಡಿಗೆ ಸೇರುವುದು. 34401ಎ ಎಂಬ ಆರೂವರೆ ಡಿಜಿಟ್ ಮೀಟರಿನಲ್ಲಿ 10 ಮೆಗಾಓಮ್ ರೇಂಜಿನ ಟೆಸ್ಟ್ ಕರೆಂಟ್ ಬರೀ 500 ನ್ಯಾನೋಆಂಪ್. 5 ನ್ಯಾನೋಆಂಪ್ ಹೊರಗಿನಿಂದ ಸೇರಿದರೆ ಅಲ್ಲಿಗೆ 1% ಹೋಯಿತು. ಲೀಡ್ ತೆಗೆದು ರೆಸಿಸ್ಟರನ್ನು ಎರಡು ಬನಾನಾ ಪ್ಲಗ್‌ಗಳಿಗೆ ಕಟ್ಟಿ ನೇರ ಜಾಕಿಗೆ ಹಾಕಿ, ಆಟೋರೇಂಜ್ ಆಫ್ ಮಾಡಿ, ಎನ್‌ಪಿಎಲ್‌ಸಿ 10 ಅಥವಾ 100 ಇಡಿ (ಅಂದರೆ ಒಂದು ಅಳತೆಗೆ ಅಷ್ಟು ಲೈನ್ ಸುತ್ತುಗಳ ಸರಾಸರಿ). ಆಗ ನಿಂತರೆ ಮೀಟರ್ ಸರಿ ಉಂಟು, ತಪ್ಪು ಲೀಡಿನದ್ದು. ಲೀಡ್ ಬೇಕೇ ಬೇಕಾದರೆ ಶೀಲ್ಡ್ ಇರುವ ಟೆಫ್ಲಾನ್ ವೈರ್ ಹಾಕಿ, ರೆಸಿಸ್ಟರನ್ನು ತಗಡಿನ ಬಿಸ್ಕತ್ತು ಡಬ್ಬಿಯೊಳಗೆ ಇಟ್ಟು ಶೀಲ್ಡನ್ನೂ ಡಬ್ಬಿಯನ್ನೂ ಲೋ ಟರ್ಮಿನಲ್‌ಗೆ ಜೋಡಿಸಿ.

ಕೆಳಗೆ ಇಳಿಯುವುದು ಲೀಕೇಜ್. ಜಾಕಿನ ಸುತ್ತ, ರೆಸಿಸ್ಟರ್ ಮೈಮೇಲೆ, ಬೆಸುಗೆಯ ಫ್ಲಕ್ಸ್ ಉಳಿದ ಬೋರ್ಡಿನಲ್ಲಿ ತೇವ ಕೂತು 1 ಗಿಗಾಓಮ್ ದಾರಿ ಸಮಾಂತರವಾಗಿ ಸಿಕ್ಕಿದರೆ 10 ಮೆಗಾಓಮ್ 9.90 ಆಗಿ ಕಾಣುತ್ತದೆ. ಬೆರಳಿನ ಬೆವರಿನ ಉಪ್ಪೂ ಸಾಕು. 99% ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿ, ಹೇರ್ ಡ್ರೈಯರಿನ ಹದ ಬಿಸಿಗಾಳಿ ಕೊಡಿ, ಪೂರ್ತಿ ತಣಿದ ಮೇಲೆಯೇ ಅಳೆಯಿರಿ. ಎಣ್ಣೆ ಪದರ ಬಿಡುವ ಕಾಂಟ್ಯಾಕ್ಟ್ ಸ್ಪ್ರೇ ಜಾಕಿಗೆ ಹೊಡೆಯಲೇಬೇಡಿ, ಧೂಳು ಹಿಡಿದು ಅದೇ ಲೀಕೇಜ್ ಆಗುತ್ತದೆ.

ಮಲ್ಪೆ_ಬೆಸುಗೆ:
ಮೂರನೆಯದು ಶಂಟಿನ ವಿಷಯ. ಎರಡು ವೈರಿನಲ್ಲಿ ಅಳೆದರೆ ಲೀಡ್ ಮತ್ತು ಕಾಂಟ್ಯಾಕ್ಟಿನ ರೆಸಿಸ್ಟೆನ್ಸೇ 0.1 ಓಮಿಗೂ ಜಾಸ್ತಿ ಇರಬಹುದು, ನಲ್ (ಲೀಡಿನ ಪಾಲನ್ನು ಕಳೆಯುವ ಬಟನ್) ಒತ್ತಿದರೂ ಪ್ರೋಬ್ ಅಲುಗಿದ ಕೂಡಲೇ ಬದಲಾಗುತ್ತದೆ. ನಾಲ್ಕು ವೈರ್ ಕೆಲ್ವಿನ್ ಕ್ಲಿಪ್ (ಎರಡು ವೈರ್ ಕರೆಂಟಿಗೆ, ಎರಡು ಸೆನ್ಸ್ ವೈರ್ ವೋಲ್ಟೇಜ್ ಅಳೆಯಲಿಕ್ಕೆ) ಬಿಟ್ಟರೆ ಬೇರೆ ದಾರಿ ಇಲ್ಲ. ಸೆನ್ಸ್ ವೈರ್ ಶಂಟಿನ ಒಳಬದಿಗೆ ಬರಲಿ. ಕಡಲ ಗಾಳಿಗೆ ಕಪ್ಪಾದ ಕ್ಲಿಪ್ ಹಲ್ಲನ್ನು ಉಜ್ಜಿ ಹೊಳಪು ಬರಿಸಿ. 1 ಮಿಲಿಆಂಪಿಗೆ ಶಂಟಿನ ಮೇಲೆ ಸಿಗುವುದು 100 ಮೈಕ್ರೋವೋಲ್ಟ್ ಮಾತ್ರ. ಬೆರಳ ಬಿಸಿಗೆ 5 ಮೈಕ್ರೋವೋಲ್ಟ್ ಥರ್ಮಲ್ ಇಎಂಎಫ್ (ಬೇರೆ ಬೇರೆ ಲೋಹ ಸೇರುವಲ್ಲಿ ಬಿಸಿಗೆ ಬರುವ ವೋಲ್ಟೇಜ್) ಹುಟ್ಟಿದರೆ 5% ತಪ್ಪು. ಮೀಟರಿನಲ್ಲಿ ಆಫ್‌ಸೆಟ್ ಕಾಂಪನ್ಸೇಷನ್ (ಈ ವೋಲ್ಟೇಜನ್ನು ಕಳೆಯುವ ಸೆಟ್ಟಿಂಗ್) ಇದ್ದರೆ ಆನ್ ಮಾಡಿ.

ಕೂಳೂರು_ಬೆಂಚ್:
ರೆಸಿಸ್ಟರ್ ನೇರ ಜಾಕಿಗೆ ಹಾಕಿದೆ, 9.97ರಲ್ಲಿ ನಿಂತಿತು. ಆದರೆ ಕರೆಂಟ್ ಹೋಗಿ ಇನ್ವರ್ಟರ್ ಬಂದ ಕೂಡಲೇ ಪುನಃ ಕುಣಿತ.

ಮಣಿಪಾಲ_ಓಮ್:
ಅದು ಹಾಗೆಯೇ. 1 ಪಿಎಲ್‌ಸಿ ಅಂದರೆ 50 ಹರ್ಟ್ಜ್‌ನ ಒಂದು ಸುತ್ತು, 20 ಮಿಲಿಸೆಕೆಂಡ್. ಇನ್ವರ್ಟರ್ ಸರಿಯಾಗಿ 50ರಲ್ಲಿ ಓಡದಿದ್ದರೆ ಹಮ್ (ಲೈನಿನಿಂದ ಸೇರುವ ನಾಯ್ಸ್) ಪೂರ್ತಿ ಕಳೆಯುವುದಿಲ್ಲ. ಸ್ಕ್ವೇರ್ ವೇವ್ ಆದರೆ ಅದರ ಚೂಪು ಅಂಚುಗಳ ನಾಯ್ಸ್ ಬೇರೆ. ಮೆಗಾಓಮ್ ಅಳತೆಯನ್ನು ಲೈನ್ ಕರೆಂಟ್ ಇರುವಾಗಲೇ ಇಟ್ಟುಕೊಳ್ಳಿ. ಮೆನುವಿನಲ್ಲಿ 60 ಹರ್ಟ್ಜ್ ಇಲ್ಲವಲ್ಲ ಎಂದೂ ನೋಡಿ. ಮತ್ತೆ, ಜೂನಿನಿಂದ ಸೆಪ್ಟೆಂಬರ್ ತನಕ ಸಾಧ್ಯವಾದಷ್ಟು ಹೊತ್ತು ಮೀಟರ್ ಆನ್ ಇರಲಿ. ಒಳಗೆ ಬೆಚ್ಚಗಿದ್ದರೆ ಬೋರ್ಡಿನ ಮೇಲೆ ತೇವ ಕೂರುವುದಿಲ್ಲ.