ಲಾಗ್‌ಗೆ ‘ಕಿರ್ದಿ’ ಅನ್ನಬಹುದಾ?

ಗೆಳೆಯರೇ, ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ಸಾಗರದ ಹತ್ತಿರದ ಒಂದು ಅಡಿಕೆ ಸೊಸೈಟಿಯಲ್ಲಿ ಲೆಕ್ಕ ಬರೆಯುವವರಿಗೆ ಲಿನಕ್ಸ್ (ವಿಂಡೋಸ್ ಥರ ಕಂಪ್ಯೂಟರ್ ನಡೆಸುವ ತಂತ್ರಾಂಶ) ಕಲಿಸಲು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಫೈಲು, ಫೋಲ್ಡರು, ಪ್ರಿಂಟರು ಎಲ್ಲ ಸಲೀಸಾಗಿ ಮುಗಿಯಿತು. ‘ಲಾಗ್’ ಬಂದಲ್ಲಿ ಕೈ ನಿಂತಿದೆ.

ಕನ್ನಡದ ಕಂಪ್ಯೂಟರ್ ತೆರೆಗಳಲ್ಲಿ ಲಾಗಿನ್‌ಗೆ ‘ಪ್ರವೇಶ’, ಲಾಗ್‌ಗೆ ‘ದಾಖಲೆ’ ಅಂತ ಹಾಕಿದ್ದನ್ನು ನೋಡಿದ್ದೇನೆ. ತಪ್ಪಲ್ಲ. ಆದರೆ ದಾಖಲೆ ಅಂದರೆ ನಮ್ಮ ಜನಕ್ಕೆ ಪಹಣಿ, ಆಧಾರ್, ಜಾತಿ ಪತ್ರ. ಲಾಗ್ ಹಾಗಲ್ಲ. ಕಂಪ್ಯೂಟರಿನಲ್ಲಿ ಆದದ್ದನ್ನು ಆದ ಹೊತ್ತಿನ ಜೊತೆ, ಒಂದರ ಕೆಳಗೆ ಒಂದು ಬರೆಯುತ್ತಾ ಹೋಗುವುದು.

ಲಾಗ್ ಎಂಬ ಪದ ಹಡಗಿನಿಂದ ಬಂದದ್ದು. ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡು ಕಟ್ಟಿ ನೀರಿಗೆ ಬಿಡುತ್ತಿದ್ದರು. ಗೊತ್ತಾದ ಹೊತ್ತಿನಲ್ಲಿ ಎಷ್ಟು ಗಂಟು ಕೈಯಿಂದ ಜಾರಿತು ಅಂತ ಎಣಿಸಿದರೆ ಹಡಗಿನ ವೇಗ ಸಿಗುತ್ತಿತ್ತು. ಆ ತುಂಡೇ ಲಾಗ್. ವೇಗ ಬರೆದಿಡುವ ಪುಸ್ತಕ ಲಾಗ್ ಬುಕ್. 1960ರ ದಶಕದ ಶುರುವಿನಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ ಹಲವರು ಒಂದೇ ಕಂಪ್ಯೂಟರನ್ನು ಹಂಚಿಕೊಂಡು ಬಳಸತೊಡಗಿದರು. ಅಲ್ಲಿ ಲಾಗಿನ್ ಎಂಬ ಆಜ್ಞೆ ಇತ್ತು. ಲಾಗಿನ್ ಅಂದರೆ ಬರೀ ಒಳಗೆ ಹೋಗುವುದಲ್ಲ, ಪುಸ್ತಕದಲ್ಲಿ ಹೆಸರು ಬರೆಸಿ ಹೋಗುವುದು. ‘ಪ್ರವೇಶ’ ಅಂದಾಗ ಈ ನಂಟು ಕಡಿದುಹೋಗುತ್ತದೆ.

ಇದನ್ನೇ ಸೊಸೈಟಿಯ ಹಿರಿಯ ಗುಮಾಸ್ತರಿಗೆ ಹೇಳುತ್ತಿದ್ದೆ. “ಅದು ಕಿರ್ದಿ ಅಲ್ವಾ ಮಾರಾಯ್ರೆ?” ಅಂದರು.

ನನಗೆ ತುಂಬಾ ಖುಷಿಯಾಯಿತು. ಕಿರ್ದಿಯಲ್ಲಿ ದಿನದ ವ್ಯವಹಾರ ನಡೆದ ಸಾಲಿನಲ್ಲೇ ಬೀಳುತ್ತದೆ. ಆಮೇಲೆ ಅಲ್ಲಿಂದ ಒಬ್ಬೊಬ್ಬರ ಖಾತೆಗೆ ಎತ್ತಿ ಬರೆಯುತ್ತಾರೆ. ಅಕೌಂಟಿಗೆ ‘ಖಾತೆ’ ಅನ್ನುವುದು ಈಗಾಗಲೇ ಎಲ್ಲರ ಬಾಯಲ್ಲಿದೆ. ಖಾತೆ ಬಂದ ಮನೆಯಿಂದಲೇ ಕಿರ್ದಿಯನ್ನೂ ತರಬಹುದಲ್ಲ?

‘ಲಾಸ್ಟ್’ ಆಜ್ಞೆ ಕೊಟ್ಟು ತೋರಿಸಿದೆ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು, ಸಾಲುಸಾಲಾಗಿ ಬಂತು. ಜುಲೈ ತಿಂಗಳಲ್ಲಿ ಹೋದ ಹೊತ್ತಿನ ಜಾಗದಲ್ಲಿ ‘ಕ್ರ್ಯಾಶ್’ ಅಂತ ಜಾಸ್ತಿ ಇತ್ತು. ಲಾಗ್ ಔಟ್ ಆಗುವ ಮೊದಲೇ ಕಂಪ್ಯೂಟರ್ ಆರಿಹೋಗಿ ಮತ್ತೆ ಶುರುವಾದರೆ ಹಾಗೆ ಬರುತ್ತದೆ. ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದ ದಿನಗಳು ಅವು. “ಆ ದಿನದ ಕಿರ್ದಿ ಮುಗಿಸಿಲ್ಲ ಅಂತಾಯ್ತು” ಅಂದರು ಅವರು. ನಾನು ಬಿಡಿಸಿ ಹೇಳಬೇಕಾಗಲೇ ಇಲ್ಲ.

ಅನುಮಾನವೂ ಇದೆ. ಕಿರ್ದಿ ಹಣದ ಪುಸ್ತಕ. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಕಲಿತು ಬಂದ ಹುಡುಗರಿಗೆ ಆ ಪದವೇ ಹೊಸದು. ಸರ್ಕಾರಿ ಜೀಪಿನ ಡ್ರೈವರುಗಳು ‘ಲಾಗ್ ಬುಕ್’ ಅಂತಲೇ ಅನ್ನುತ್ತಾರೆ. ಲಾಗಿನ್ ಅನ್ನು ಮಾತ್ರ ಹಾಗೇ ಬಿಡುತ್ತೇನೆ. ‘ಲಾಗಿನ್ ಆದೆ’ ಅನ್ನುವುದು ಈಗ ಕನ್ನಡವೇ.

ಸೆಷನ್‌ಗೆ (ಲಾಗಿನ್ ಆದಲ್ಲಿಂದ ಲಾಗ್ ಔಟ್ ಆಗುವವರೆಗಿನದು) ‘ಅಧಿವೇಶನ’ ನನಗೆ ಸುತರಾಂ ಒಪ್ಪಿಗೆಯಿಲ್ಲ, ವಿಧಾನಸೌಧ ಕಣ್ಣಿಗೆ ಬರುತ್ತದೆ. ‘ಅವಧಿ’ಯಲ್ಲಿ ಹೊತ್ತು ಮಾತ್ರ ಇದೆ. ತೆರೆಗೆ ಬೀಗ ಹಾಕಿ ಊಟಕ್ಕೆ ಹೋದರೂ ಸೆಷನ್ ಇರುತ್ತದೆ, ತೆರೆದಿಟ್ಟ ಫೈಲುಗಳೂ ಹಾಗೇ ಇರುತ್ತವೆ. ಅದನ್ನು ಹಿಡಿಯುವ ಪದ ಸಿಕ್ಕಿಲ್ಲ.

ಪರ್ಮಿಶನ್‌ಗೆ ‘ಅನುಮತಿ’ಗಿಂತ ‘ಹಕ್ಕು’ ಒಳ್ಳೆಯದು ಅನ್ನಿಸಿತು. ಅನುಮತಿ ಅಂದರೆ ಬೇಕಾದಾಗ ಕೇಳಿ ಪಡೆಯುವುದು, ಒಂದು ಕೆಲಸದ ಮಟ್ಟಿಗೆ ಮೇಲಿನವರ ಅಧಿಕಾರ ಕೇಳುವ ‘ಸುಡೋ’ ಆಜ್ಞೆಗೆ ಅದು ಸರಿ. ಫೈಲಿನ ಮೇಲೆ ಓದುವ, ಬರೆಯುವ, ನಡೆಸುವ ಮೂರು ಬೇರೆ ಬೇರೆ ಹಕ್ಕುಗಳಿರುತ್ತವೆ. ಸೊಪ್ಪಿನಬೆಟ್ಟದ (ಅಡಿಕೆ ತೋಟಕ್ಕೆಂದು ಬಿಟ್ಟ ಕಾಡು) ಉದಾಹರಣೆ ಕೊಟ್ಟೆ: ತೋಟಕ್ಕೆ ಸೊಪ್ಪು, ದರಕು ತರುವ ಹಕ್ಕು ನಿಮ್ಮದು, ಜಾಗ ಸರ್ಕಾರದ್ದು. ಎಲ್ಲರಿಗೂ ತಕ್ಷಣ ಹಿಡಿಯಿತು.

ಈಗ ನನ್ನ ಪ್ರಶ್ನೆ. ತೀರ್ಥಹಳ್ಳಿ, ಕೊಪ್ಪ, ಶಿವಮೊಗ್ಗದ ಮಂಡಿಗಳಲ್ಲಿ ಯಾವ ಗಾಡಿ ಎಷ್ಟು ಹೊತ್ತಿಗೆ ಬಂತು, ಎಷ್ಟು ಮೂಟೆ ಇಳಿಯಿತು ಅಂತ ಬರೆದಿಡುವ ಪುಸ್ತಕಕ್ಕೂ ಕಿರ್ದಿ ಅನ್ನುತ್ತಾರಾ? ಅಥವಾ ಬೇರೆ ಹೆಸರಿದೆಯಾ? ಇದ್ದರೆ ಅದರ ಜೊತೆ ಬರುವ ಕ್ರಿಯಾಪದವನ್ನೂ ತಿಳಿಸಿ: ಬರೆಯುವುದಾ, ಹಾಕುವುದಾ, ಏರಿಸುವುದಾ?