ಮನೆಮಂದಿಯ ಗುಂಪಿನಲ್ಲಿ ಹೊಟ್ಟೆಹುಣ್ಣಿನ ಚರ್ಚೆ

ದೊಡ್ಡಪ್ಪ (ಫಾರ್ವರ್ಡ್ ಆದ ಸಂದೇಶ): ಹೊಟ್ಟೆಹುಣ್ಣಿಗೆ ಮೂಲ ಖಾರ ಮತ್ತು ಚಿಂತೆ. ಖಾಲಿ ಹೊಟ್ಟೆಗೆ ತಣ್ಣನೆಯ ಹಾಲು ಕುಡಿಯಿರಿ, ರಕ್ತ ತೆಳು ಮಾಡುವ ಮಾತ್ರೆಗಳನ್ನು ಇಂದೇ ನಿಲ್ಲಿಸಿ.

ದೊಡ್ಡಪ್ಪ: ಎಲ್ಲರೂ ಓದಿ. ನಮ್ಮ ತಂದೆಯವರಿಗೆ ಹುಣ್ಣಾದಾಗಲೂ ವೈದ್ಯರು ಖಾರ ಬಿಡಿಸಿ ಹಾಲು-ಅನ್ನವನ್ನೇ ಹೇಳಿದ್ದರು.

ವೀಣಾ: ದೊಡ್ಡಪ್ಪ, ತಾತನ ಕಾಲದಲ್ಲಿ ವೈದ್ಯರೂ ಹಾಗೆಯೇ ನಂಬಿದ್ದರು. ಆದರೆ 1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅವರು ರೋಗಿಗಳ ಜಠರದಿಂದ ತೆಗೆದ ಮಾದರಿಯಲ್ಲಿ, ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಬೆಳೆಸಿದ ಮೇಲೆ ಆ ನಂಬಿಕೆ ಬದಲಾಯಿತು. 2005ರಲ್ಲಿ ಅವರಿಗೆ ನೊಬೆಲ್ ಸಂದಿತು. ಇನ್ನೊಂದು ದೊಡ್ಡ ಕಾರಣ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಜಠರದ ಒಳಪದರವನ್ನು ಕಾಯುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ತಯಾರಾಗುವುದನ್ನೇ ತಡೆಯುತ್ತವೆ. ಈ ಬ್ಯಾಕ್ಟೀರಿಯಾ ಇರುವವರು ಇಂಥ ಮಾತ್ರೆಯನ್ನೂ ನುಂಗಿದರೆ ರಕ್ತಸ್ರಾವದ ಅಪಾಯ ಹಲವು ಪಟ್ಟು ಏರುತ್ತದೆ.

ಸುಮತಿ ಅತ್ತೆ: ನಮ್ಮ ಪಕ್ಕದ ಮನೆಯ ಹಿರಿಯರು ಖಾರ ಮುಟ್ಟುತ್ತಲೇ ಇರಲಿಲ್ಲ, ಅವರಿಗೆ ಹೊಟ್ಟೆನೋವೂ ಇರಲಿಲ್ಲ. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಹೋಗುತ್ತಿದ್ದುದನ್ನು (ಅದು ಹೊಟ್ಟೆಯೊಳಗೆ ರಕ್ತ ಸೋರುವ ಲಕ್ಷಣ) ಯಾರಿಗೂ ಹೇಳದೆ, ಕೊನೆಗೆ ಬಚ್ಚಲಿನಲ್ಲಿ ತಲೆಸುತ್ತಿ ಬಿದ್ದರು. ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ, ಕ್ಲಿಪ್ ಹಾಕಿ ರಕ್ತ ನಿಲ್ಲಿಸಿದರು. ಅವರ ದಿಂಬಿನ ಕೆಳಗೆ ಡೈಕ್ಲೋಫೆನಾಕ್‌ನ ಖಾಲಿ ಸ್ಟ್ರಿಪ್ಪುಗಳು ಸಿಕ್ಕವು.

ದೊಡ್ಡಪ್ಪ: ಮಂಡಿನೋವಿಗೆ ನಾನೂ ಅದನ್ನೇ ನುಂಗುತ್ತೇನೆ, ಇದುವರೆಗೆ ಏನೂ ಆಗಿಲ್ಲ. ಅದೂ ಅಲ್ಲದೆ, ಮಾತ್ರೆಯೇ ಕಾರಣವಾದರೆ ಹೃದಯದ ಸ್ಟೆಂಟ್‌ನಲ್ಲಿ (ರಕ್ತನಾಳ ತೆರೆದಿಡುವ ಪುಟ್ಟ ಜಾಲರಿ ಕೊಳವೆ) ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟ ಆಸ್ಪಿರಿನ್ ನಿಲ್ಲಿಸಿ ಎಂದ ಸಂದೇಶವೇ ಸರಿಯಾಯಿತಲ್ಲ?

ವೀಣಾ: ಇಲ್ಲ ದೊಡ್ಡಪ್ಪ, ನನಗೆ ಭಯವಿರುವುದು ಆ ಒಂದು ಸಾಲಿನ ಬಗ್ಗೆಯೇ. ಆಸ್ಪಿರಿನ್‌ನಿಂದಲೂ ಹುಣ್ಣಾಗಬಹುದು, ನಿಜ. ಆದರೆ ಹಾಂಗ್‌ಕಾಂಗ್‌ನ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯ ಅಥವಾ ಮಿದುಳಿನ ರಕ್ತನಾಳದ ಕಾಯಿಲೆಗಾಗಿ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದು ಹುಣ್ಣಿನಿಂದ ರಕ್ತಸ್ರಾವವಾದ 156 ಜನರಿಗೆ ಎಂಡೋಸ್ಕೋಪಿಯಲ್ಲಿ ರಕ್ತ ನಿಲ್ಲಿಸಿದ ಬಳಿಕ, ಅರ್ಧದಷ್ಟು ಜನರಿಗೆ ಆಸ್ಪಿರಿನ್ ಮುಂದುವರಿಸಿದರು, ಉಳಿದವರಿಗೆ ನಿಲ್ಲಿಸಿದರು. ಮುಂದುವರಿಸಿದವರಲ್ಲಿ ಮತ್ತೆ ರಕ್ತ ಒಸರಿದ್ದು ತುಸು ಹೆಚ್ಚು. ಆದರೆ 8 ವಾರಗಳಲ್ಲಿ ತೀರಿಕೊಂಡವರು ಅವರಲ್ಲಿ ಶೇ. 1.3, ನಿಲ್ಲಿಸಿದವರಲ್ಲಿ ಶೇ. 12.9.

ಕಿರಣ್: ಇಷ್ಟೆಲ್ಲ ಚಿಕಿತ್ಸೆ ಇರುವಾಗಲೂ ಜನ ಸಾಯುತ್ತಾರೆಯೇ ಅಕ್ಕಾ?

ವೀಣಾ: ಸಾಯುತ್ತಾರೆ ಕಿರಣ್, ಆದರೆ ಬಹುಪಾಲು ರಕ್ತ ಹರಿದೇ ಅಲ್ಲ. ವಯಸ್ಸಾದವರ ಹೃದಯ, ಮೂತ್ರಪಿಂಡ, ಶ್ವಾಸಕೋಶಗಳು ಆ ಪೆಟ್ಟನ್ನು ತಾಳುವುದಿಲ್ಲ. ಅದಕ್ಕೇ ಆಸ್ಪತ್ರೆಗೆ ಬಂದ 24 ಗಂಟೆಯೊಳಗೆ ಎಂಡೋಸ್ಕೋಪಿ ಆಗಬೇಕು ಎನ್ನುವುದು.

ದೊಡ್ಡಪ್ಪ: ಆದರೂ ಖಾರ ತಿಂದರೆ ನನಗೆ ಉರಿಯುವುದು ಸುಳ್ಳೇ?

ವೀಣಾ: ಸುಳ್ಳಲ್ಲ, ಉರಿದರೆ ಖಂಡಿತ ಬಿಡಿ. ಆದರೆ ಆಸ್ಪಿರಿನ್ ಜೊತೆ ಡೈಕ್ಲೋಫೆನಾಕ್ ಬೇಡ. ಮಂಡಿಗೆ ಬೇರೆ ಔಷಧಿಯನ್ನೂ, ಜಠರ ಕಾಯಲು ಪ್ಯಾಂಟೊಪ್ರಜೋಲ್ ಬೇಕೇ ಎಂಬುದನ್ನೂ ನಿಮ್ಮ ಹೃದ್ರೋಗ ತಜ್ಞರಲ್ಲೇ ಕೇಳೋಣ. ಆಸ್ಪಿರಿನ್ ಅನ್ನು ಮಾತ್ರ ಅವರನ್ನು ಕೇಳದೆ ನಿಲ್ಲಿಸಬೇಡಿ. ಈ ಗುಂಪಿನಲ್ಲಿ ಸ್ಟೆಂಟ್ ಇರುವವರು ನೀವೊಬ್ಬರೇ ಅಲ್ಲ, ಆದ್ದರಿಂದ ಆ ಸಂದೇಶವನ್ನು ದಯವಿಟ್ಟು ಈಗಲೇ ಅಳಿಸಿ.