ಸಹಾಯ ಬೇಕು: ಅಮ್ಮನಿಗೆ ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸುವ ಫೋನ್ ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮ ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಇರುತ್ತಾರೆ. ಈಚೆಗೆ ಅವರಿಗೆ ಪದೇ ಪದೇ ಒಂದೇ ಥರದ ಕಾಲ್. ಮೊದಲು ರೆಕಾರ್ಡ್ ಮಾಡಿದ ದನಿ, ನಿಮ್ಮ ನಂಬರ್ ಬಂದ್ ಆಗುತ್ತದೆ, 9 ಒತ್ತಿ ಅನ್ನುತ್ತದೆ. ಒತ್ತಿದರೆ ಒಬ್ಬ ‘ಅಧಿಕಾರಿ’ ಮಾತಾಡುತ್ತಾನೆ. ನಿಮ್ಮ ಆಧಾರ್ ಬಳಸಿ ಯಾರೋ ಸಿಮ್ ತಗೊಂಡಿದ್ದಾರೆ, ಕೇಸ್ ಆಗಿದೆ, ವಿಡಿಯೊ ಕಾಲ್‌ಗೆ ಬನ್ನಿ, ಮನೆಯಲ್ಲಿ ಯಾರಿಗೂ ಹೇಳಬೇಡಿ ಅಂತ ಜೋರು ಮಾಡುತ್ತಾನೆ. ಆ ‘ಯಾರಿಗೂ ಹೇಳಬೇಡಿ’ ಅನ್ನುವುದೇ ನನಗೆ ಜಾಸ್ತಿ ಭಯ.

ಡಿಜಿಟಲ್ ಅರೆಸ್ಟ್ ಅನ್ನುವುದು ಕಾನೂನಿನಲ್ಲೇ ಇಲ್ಲ, ಪೊಲೀಸರು ವಿಡಿಯೊ ಕಾಲ್‌ನಲ್ಲಿ ಯಾರನ್ನೂ ಬಂಧಿಸುವುದಿಲ್ಲ, ಖಾತೆ ಪರಿಶೀಲನೆಗೆ ಹಣ ಕಳಿಸಿ ಅಂತ ಕೇಳುವುದೂ ಇಲ್ಲ ಎಂದು ಅಮ್ಮನಿಗೆ ಹೇಳಿದ್ದೇನೆ. ಹೂಂ ಅನ್ನುತ್ತಾರೆ. ಆದರೆ ಫೋನ್ ರಿಂಗಾದರೆ ಕೈ ನಡುಗುತ್ತದೆ. ಅವನು ಆಧಾರ್‌ನ ಕೊನೆಯ ನಾಲ್ಕು ಅಂಕಿ ಸರಿಯಾಗಿ ಹೇಳಿದನಂತೆ, ಹಾಗಾಗಿ ನಿಜವೇ ಇರಬೇಕು ಅಂತ ಅವರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಎಲ್ಲೆಲ್ಲೋ ಕೊಟ್ಟ ಜೆರಾಕ್ಸ್‌ನಿಂದಲೂ ಅದು ಸಿಗುತ್ತೆ ಅಲ್ವಾ, ಅದನ್ನು ಅವರಿಗೆ ಹೇಗೆ ಅರ್ಥ ಮಾಡಿಸುವುದು?

ಸದ್ಯ ಹಣ ಹೋಗಿಲ್ಲ. ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಮೋಸದ ಕಾಲ್‌ಗಳ ಬಗ್ಗೆ ದೂರು ಕೊಡುವ ‘ಚಕ್ಷು’ ವಿಭಾಗದಲ್ಲಿ ನಂಬರ್‌ಗಳನ್ನೂ ತಿಳಿಸಿದೆ, ಆದರೆ ಈ ಜನ ನಂಬರ್ ಬದಲಾಯಿಸುತ್ತಲೇ ಇರುತ್ತಾರೆ.

ಗೊತ್ತಿಲ್ಲದ ನಂಬರ್ ಎಲ್ಲಾ ಸೈಲೆಂಟ್ ಮಾಡಿದರೆ ಆಸ್ಪತ್ರೆಯ ಕಾಲ್ ತಪ್ಪುತ್ತದೆ. ನಿಮ್ಮ ಮನೆಯ ಹಿರಿಯರ ಫೋನ್‌ನಲ್ಲಿ ಏನು ಸೆಟ್ಟಿಂಗ್ ಇಟ್ಟಿದ್ದೀರಿ? ಅವರ ಭಯ ಹೋಗಲಾಡಿಸಲು ಏನು ಹೇಳಿದಿರಿ? ದಯವಿಟ್ಟು ತಿಳಿಸಿ, ನಾಳೆಯೂ ಅಮ್ಮ ಒಬ್ಬರೇ ಇರುತ್ತಾರೆ.